ಈರಕ್ಕನ ಸೌಳು ಹೊಲಕ್ಕೆ ಕುರಿಮಂದೆ ಬಂತು

ಶಿರಾ ಕಡೆಯ ಗೊಲ್ಲರಹಟ್ಟಿಯೊಂದರಲ್ಲಿ ಈರಕ್ಕ ಎಂಬ ತಾಯಿ ಇದ್ದಳು. ತವರಿನಿಂದ ಅವಳಿಗೆ ಬಂದದ್ದು ಒಂದೇ ಹೊಲ, ಕೆರೆಯ ಕೆಳಗಿನ ಅರ್ಧ ಎಕರೆ ಸೌಳು, ಅಂದರೆ ಉಪ್ಪು ಮಣ್ಣಿನ ನೆಲ. ಬಿಸಿಲು ಏರಿದರೆ ಸುಣ್ಣ ಚೆಲ್ಲಿದಂತೆ ಮಣ್ಣಿನ ಮೇಲೆ ಬಿಳಿ ಉಪ್ಪು ಏಳುತ್ತಿತ್ತು. ರಾಗಿ ಗೇಣುದ್ದ ಬಂದು, ತುದಿ ಸುಟ್ಟುಕೊಂಡು ನಿಲ್ಲುತ್ತಿತ್ತು.

ಗಂಡ ಕ್ಯಾತಣ್ಣ ಬೇಸತ್ತಿದ್ದ. ರಸ್ತೆಗೆ ಮಣ್ಣು ಹಾಕಿಸುವ ಮೇಸ್ತ್ರಿ ಆ ಹೊಲದ ಮಣ್ಣು ಕೇಳಿದ್ದ.

"ಅಗ್ದುಕೊಂಡು ಹೋಗ್ಲಿ ಬುಡು," ಎಂದ ಕ್ಯಾತಣ್ಣ.

"ನಮ್ಮವ್ವ ಕೊಟ್ಟಿದ್ದು ಹೊಲ ಕಣಯ್ಯ, ಗುಂಡಿ ಅಲ್ಲ!" ಎಂದು ಈರಕ್ಕ ಕಣ್ಣೊರೆಸಿಕೊಂಡಳು.

ಅದೇ ಹೊತ್ತಿಗೆ ಗ್ರಾಮಸೇವಕ ಸಿದ್ದಗಂಗಯ್ಯ ಸೈಕಲ್ಲಿನಿಂದಿಳಿದರು. ಕ್ಯಾತಣ್ಣ ಕಂಬಳಿ ಹೆಗಲಿಗೇರಿಸಿ ಕುರಿಗಳನ್ನು ಹೊರಡಿಸುತ್ತಿದ್ದ.

"ಎಲ್ಲಿಗೆ ಕ್ಯಾತಣ್ಣ?"

"ತಿಮ್ಮರಾಯಪ್ಪನ ಹೊಲಕ್ಕೆ ಸ್ವಾಮಿ. ಹತ್ತು ದಿನ ಮಂದೆ ನಿಲ್ಲಿಸ್ಬೇಕು. ಗೊಬ್ಬರಕ್ಕೆ ರಾಗಿ ಕೊಡ್ತಾರೆ."

"ಈರಕ್ಕನ ಹೊಲದಲ್ಲಿ ಯಾವತ್ತು ನಿಲ್ಲಿಸಿದ್ದೆ?"

ಕ್ಯಾತಣ್ಣ ನಕ್ಕ. "ಆ ಸೌಳ್ನಾಗಾ? ಅದು ಕುರಿ ನೆಕ್ಕಾಕೆ ಸರಿ. ಅಲ್ಲಿ ಗೊಬ್ಬರ ದಂಡ."

"ಊರೋರ ಹೊಲಕ್ಕೆಲ್ಲ ಊಟ ಇಕ್ತಾನೆ, ನನ್ನ ಹೊಲಕ್ಕೆ ಮಾತ್ರ ಉಪಾಸ," ಎಂದಳು ಈರಕ್ಕ.

ಸಿದ್ದಗಂಗಯ್ಯ ಮೆಲ್ಲಗೆ ಹೇಳಿದರು: "ಆ ಮಣ್ಣು ಬಿಗಿದು ಕೂತೈತೆ. ಮಳೆನೀರು ಇಳಿಯಲ್ಲ, ಉಪ್ಪು ಮೇಲೇ ಉಳೀತದೆ. ಕುರಿಗೊಬ್ಬರ, ಹೊಂಗೆಸೊಪ್ಪು ಬೆರೆತ್ರೆ ಮಣ್ಣು ಸಡಿಲಾಗ್ತದೆ. ಮಳೆ ಇಳಿದು ಉಪ್ಪನ್ನ ಬೇರಿಂದ ಕೆಳಕ್ಕೆ ಒಯ್ತದೆ."

"ಉಪ್ಪು ಪೂರಾ ಹೋಗ್ತದಾ?"

"ಒಂದೇ ವರ್ಷಕ್ಕೆ ಹೋಗಲ್ಲ ಕಣಪ್ಪ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಪೈರು ತಡ್ಕೊಳ್ತದೆ. ನಂಬಿಕೆ ಇಲ್ದಿದ್ರೆ ಅರ್ಧ ಹೊಲಕ್ಕೆ ಮಾಡು. ಉಳಿದಿದ್ದು ಹಂಗೇ ಬಿಡು."

"ಆಗ್ದಿದ್ರೆ ನಮ್ಮ ದೇವ್ರು ಜುಂಜಪ್ಪನಾಣೆ, ಮೇಸ್ತ್ರಿನ ಕರಿತೀನಿ."

"ಕರಿವಂತೆ. ಮೊದ್ಲು ಕುರಿ ಕರಿ!" ಎಂದಳು ಈರಕ್ಕ.

ತಿಮ್ಮರಾಯಪ್ಪನ ಹೊಲ ಮುಗಿದ ಮೇಲೆ ಈರಕ್ಕನ ಅರ್ಧ ಹೊಲದಲ್ಲಿ ಹತ್ತು ದಿನ ಮಂದೆ ನಿಂತಿತು. ಮೊದಲ ಮಳೆಗೆ ಕ್ಯಾತಣ್ಣ ಗೊಬ್ಬರವನ್ನು ಉತ್ತು ಮಣ್ಣಿಗೆ ಸೇರಿಸಿದ. ಈರಕ್ಕ ಹಸಿ ಹೊಂಗೆಸೊಪ್ಪು ಹೊತ್ತು ತಂದು ಅಲ್ಲೇ ಮಣ್ಣಿಗೆ ತುಳಿಸಿದಳು. ಬದು ಗಟ್ಟಿ ಮಾಡಿ, ತಗ್ಗಿನ ಮೂಲೆಯಲ್ಲಿ ಉಪ್ಪುನೀರು ಹೊರಹೋಗಲು ಕಾಲುವೆ ತೆಗೆದರು. ಎರಡು ಮಳೆ ತೊಳೆದ ಮೇಲೆ, ಸೊಪ್ಪು ಕೊಳೆತ ಮೇಲೆ, ಇಡೀ ಹೊಲಕ್ಕೆ ರಾಗಿ ಪೈರು ನೆಟ್ಟರು.

ತೆನೆ ಕಟ್ಟುವ ಕಾಲ. ಹಾಗೇ ಬಿಟ್ಟ ಕಡೆ ಪೈರು ಅಲ್ಲೊಂದು ಇಲ್ಲೊಂದು. ಮಂದೆ ನಿಂತ ಕಡೆ ಸೊಂಟದುದ್ದ. ಕೆಲವು ಗರಿಗಳ ತುದಿ ಕೆಂಪಾಗಿದ್ದರೂ ತೆನೆ ತುಂಬಿ ಬಾಗಿತ್ತು. ಕ್ಯಾತಣ್ಣ ಬದುವಿನ ಮೇಲೆ ನಿಂತು ಹೊಲಕ್ಕೆ ಕೈಮುಗಿದ.

ಮೇಸ್ತ್ರಿ ಮತ್ತೆ ಬಂದ.

"ಈ ಮಣ್ಣು ಕೊಡಾಕಿಲ್ಲ ಮೇಸ್ತ್ರಿ. ಇದು ನಮ್ಮತ್ತೆ ತನ್ನ ಮಗಳಿಗೆ ಕೊಟ್ಟಿದ್ದು, ನಂದಲ್ಲ," ಎಂದ ಕ್ಯಾತಣ್ಣ.

"ಇವತ್ತು ನೆನಪಾತಾ?" ಎಂದು ಈರಕ್ಕ ನಗುತ್ತ ಗಂಡನ ಕೈಗೆ ಒಂದು ತೆನೆ ಇಟ್ಟಳು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಹೊಲದಲ್ಲೂ ಬಿಳಿ ಉಪ್ಪು ಏಳುತ್ತಿದೆಯೇ? ಭೂಮಿತಾಯಿಯ ಕೈ ಬಿಡಬೇಡಿ. ಗ್ರಾಮಸೇವಕರಿಗೆ ಹೇಳಿ ಮಣ್ಣು ಪರೀಕ್ಷೆ ಮಾಡಿಸಿ. ಮಂದೆಗೊಬ್ಬರ, ಕೊಟ್ಟಿಗೆಗೊಬ್ಬರ, ಹಸಿರುಸೊಪ್ಪು ಯಾವುದು ಸಿಕ್ಕರೂ ಬಿಸಿಲಿಗೆ ಬಿಡದೆ ಮಣ್ಣಿಗೆ ಬೆರೆಸಿ, ಮಳೆನೀರು ಇಳಿಯಲು, ಹರಿಯಲು ದಾರಿ ಮಾಡಿ. ಈ ಮುಂಗಾರಿಗೆ ನಾಲ್ಕು ಸಾಲಿಗಾದರೂ ಮಾಡಿ ನೋಡಿ.