ಎಡಗೈಯ ಆಸರೆ

ಯುಗಾದಿಯ ಎಣ್ಣೆಸ್ನಾನದ ದಿನ ಬಚ್ಚಲಲ್ಲಿ ಜಾರಿ ಬಿದ್ದಾಗ ಸರ್ವಮಂಗಳಮ್ಮನವರ ಮೂಳೆ ಮುರಿಯಲಿಲ್ಲ, ಧೈರ್ಯ ಮುರಿಯಿತು. ಮೂಳೆಗಾದರೆ ಕಟ್ಟು ಕಟ್ಟಬಹುದಿತ್ತು. ಧೈರ್ಯಕ್ಕೆ ಜಯನಗರದ ಯಾವ ಡಾಕ್ಟರ ಹತ್ತಿರವೂ ಔಷಧಿ ಇರಲಿಲ್ಲ. ಅಂದಿನಿಂದ ಮನೆಯ ಕೆಂಪು ಗಾರೆ ನೆಲವೆಲ್ಲ ಅವರ ಕಣ್ಣಿಗೆ ಒದ್ದೆಯಾಗಿಯೇ ಕಾಣುತ್ತಿತ್ತು. ಮಗ ಗೌರೀಶಂಕರ ನಾಲ್ಕನೇ ಬ್ಲಾಕಿನಿಂದ ರಬ್ಬರ್ ಬುಡದ ಕೋಲು ತಂದುಕೊಟ್ಟ. ಅದು ಬಾಗಿಲ ಮೂಲೆಯಲ್ಲಿ ಧೂಳು ತಿನ್ನುತ್ತ ನಿಂತಿತು. ಸೊಸೆ ಕಮಲಾ ತೋಳು ಕೊಡಲು ಬಂದರೆ, ನಿನಗೆ ಕೈತುಂಬ ಕೆಲಸವಿದೆ ಹೋಗಮ್ಮ ಎಂದು ಅಟ್ಟುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಗಂಡ ಮರುಳಸಿದ್ದಪ್ಪನವರ ಎಡಗೈ, ಅದೊಂದೇ. ಬಲಗೈಯಲ್ಲಿ ಅವರು ಗೋಡೆ ಸವರಿಕೊಂಡು ಮುಂದೆ ಹೋಗುವರು, ಎಡಗೈ ಹಿಡಿದು ಈಕೆ ಹಿಂದೆ. ಬಚ್ಚಲಿಗೂ ಹಾಗೇ, ಜಗಲಿಗೂ ಹಾಗೇ.

ರೇಷ್ಮೆ ಇಲಾಖೆಯಲ್ಲಿದ್ದು ನಿವೃತ್ತರಾದ ಯಜಮಾನರ ಕೈ ಗಟ್ಟಿಯಾಗಿಯೇ ಇತ್ತು. ಸಡಿಲವಾಗುತ್ತಿದ್ದದ್ದು ನೆನಪು. ಬೀಳುವ ಭಯ ಹೆಂಡತಿಗೆ, ಮರೆಯುವ ರೋಗ ಗಂಡನಿಗೆ. ಇಬ್ಬರನ್ನೂ ಕೂಡಿಸಿದರೆ ನೆಟ್ಟಗಿನ ಒಬ್ಬ ಮನುಷ್ಯ ಆಗುತ್ತಿದ್ದ, ಅವರ ದಿನಗಳು ಹಾಗೆಯೇ ಸಾಗುತ್ತಿದ್ದವು. ಇವತ್ತು ಯಾವ ವಾರ ಎಂಬುದನ್ನು ಆಕೆ ಗಂಡನ ಕಿವಿಯಲ್ಲಿ ಪಿಸುಗುಟ್ಟುವರು, ಅವರು ಮಗನಿಗೆ ಕೇಳಿಸುವಂತೆ ಜೋರಾಗಿ ಹೇಳುವರು.

ಕಷ್ಟವಾಗುತ್ತಿದ್ದದ್ದು ಪೂಜೆಯ ವಿಷಯದಲ್ಲಿ. ಸ್ನಾನ ಮಾಡಿ, ಕೊರಳ ಕರಡಿಗೆಯಿಂದ ಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟು ಪೂಜಿಸದೆ ಮರುಳಸಿದ್ದಪ್ಪನವರು ಬಾಯಿಗೆ ಹನಿ ನೀರು ಹಾಕಿದವರಲ್ಲ. ಈಗೀಗ ಪೂಜೆ ಮುಗಿಸಿ, ಉಪ್ಪಿಟ್ಟು ತಿಂದು, ಕೈ ತೊಳೆದು, ಮತ್ತೆ ವಿಭೂತಿ ಹಚ್ಚಿಕೊಂಡು ಮಣೆಯ ಮೇಲೆ ಕೂತುಬಿಡುತ್ತಿದ್ದರು. ಕಮಲಾ ಕೇಳಿದರೆ, ಎರಡು ಹೊತ್ತು ಪೂಜೆಯ ಹರಕೆ ಕಣೆ ಎಂದು ಸರ್ವಮಂಗಳಮ್ಮ ಸಾಗಹಾಕುವರು. ಎರಡನೆಯ ಸಲದ ತೀರ್ಥವನ್ನೂ ಮೊದಲ ಸಲದಷ್ಟೇ ಭಕ್ತಿಯಿಂದ ಕುಡಿಯುವರು.

ಇಷ್ಟೆಲ್ಲ ಮುಚ್ಚಿಡಲು ಕಾರಣವಿತ್ತು. ಆಷಾಢದಲ್ಲಿ ಒಂದು ದಿನ ಬಿಲ್ವಪತ್ರೆ ತರಲು ಹೋದ ಮರುಳಸಿದ್ದಪ್ಪನವರು ಯಾವುದೋ ಬಸ್ಸು ಹತ್ತಿ ಗೊಟ್ಟಿಗೆರೆ ಸೇರಿದ್ದರು. ಪುಣ್ಯಾತ್ಮರು ಯಾರೋ ಕತ್ತಲಾಗುವ ಮುಂಚೆ ಮನೆಗೆ ಮುಟ್ಟಿಸಿದರು. ಅವತ್ತು ಗೌರೀಶಂಕರ ಒಂದು ಮಾತು ಹೇಳಿದ. ಇನ್ನೊಮ್ಮೆ ಅಪ್ಪನ ತಲೆ ಹೀಗೆ ಕೈಕೊಟ್ಟರೆ ಅವರನ್ನು ತಿಪಟೂರಿಗೆ ಅಣ್ಣನ ಮನೆಗೆ ಕಳಿಸುತ್ತೇನೆ, ಅಮ್ಮ ಇಲ್ಲೇ ಇರಲಿ, ಇಬ್ಬರನ್ನೂ ಕಮಲಾ ಒಬ್ಬಳೇ ಕಾಯಲಾರಳು ಎಂದ. ಅವನು ಕೆಟ್ಟ ಮಗನಲ್ಲ, ಹೆದರಿದ ಮಗ. ಆದರೆ ಆ ಮಾತು ಕೇಳಿದ ಮೇಲೆ ಸರ್ವಮಂಗಳಮ್ಮ ಗಂಡನ ಮರೆವನ್ನು ಮುಚ್ಚಿಡಲು ತೊಡಗಿದರು. ಮದುವೆಯಾಗಿ ಬಂದ ಮೇಲೆ, ಹೆರಿಗೆಗೆ ತವರಿಗೆ ಹೋದದ್ದು ಬಿಟ್ಟರೆ, ಅವರನ್ನು ಅಗಲಿ ಇದ್ದದ್ದೇ ಇಲ್ಲ. ಈ ವಯಸ್ಸಿನಲ್ಲಿ ಅವರೊಂದು ಊರು, ತಾನೊಂದು ಊರು ಆಗುವುದೆಂದರೆ ಸಾಯುವುದಕ್ಕಿಂತ ಕಡೆ ಅನ್ನಿಸಿತು.

ಕಾರ್ತಿಕದ ಚಳಿಗೆ ಎಳೆಬಿಸಿಲಲ್ಲಿ ಮೈ ಕಾಯಿಸಿಕೊಳ್ಳೋಣ ಎಂದು ಒಂದು ಬೆಳಿಗ್ಗೆ ಇಬ್ಬರೂ ಅಂಗಳಕ್ಕೆ ಹೊರಟರು. ಪೂಜೆ ಆಗಿತ್ತು, ತಿಂಡಿಯೂ ಆಗಿತ್ತು. ಜಗಲಿಯ ಮೆಟ್ಟಿಲ ಮೇಲೆ ಆಕೆ ಒಂದು ಕಾಲು ಕೆಳಗಿಟ್ಟು ಇನ್ನೊಂದನ್ನು ಎತ್ತಿದ್ದರು. ಪಕ್ಕದ ಮನೆಯಿಂದ ಊದುಬತ್ತಿಯ ವಾಸನೆ ತೇಲಿಬಂತು, ಗಂಟೆಯ ಸದ್ದೂ ಬಂತು. ಮರುಳಸಿದ್ದಪ್ಪನವರು ನಿಂತರು. ಹೆಂಡತಿಯ ಕೈಯೊಳಗಿಂದ ತಮ್ಮ ಎಡಗೈಯನ್ನು ಮೆಲ್ಲಗೆ ಬಿಡಿಸಿಕೊಂಡರು. ಅಂಗೈಯನ್ನು ಅಗಲಿಸಿ ಎದೆಯ ಮಟ್ಟಕ್ಕೆ ತಂದು, ಕಣ್ಣನ್ನು ಅದರಲ್ಲಿ ನೆಟ್ಟರು.

ಸರ್ವಮಂಗಳಮ್ಮ ಬಿದ್ದರು. ಸೊಂಟದಲ್ಲಿ ಏನೋ ಲಟಕ್ಕೆಂದಿತು. ನೆಲದಿಂದ ನೋಡಿದರೆ ಗಂಡ ಲಿಂಗವಿಲ್ಲದ ಬರಿಯ ಅಂಗೈ ನೋಡುತ್ತ ತುಟಿ ಅಲುಗಿಸುತ್ತಿದ್ದರು. ಆಕೆಗೆ ಸಿಟ್ಟು ಬರಲಿಲ್ಲ. ಅಷ್ಟು ನೋವಿನಲ್ಲೂ ಮೊದಲು ಹೊಳೆದದ್ದು, ಇದನ್ನು ಯಾರಾದರೂ ಕಂಡರೇ ಎಂಬ ದಿಗಿಲು. ಬಟ್ಟೆ ಒಣಹಾಕುತ್ತಿದ್ದ ಕಮಲಾ ಓಡಿಬಂದು ಏನಾಯ್ತು ಎಂದಳು.

"ತಲೆ ಸುತ್ತಿದಂಗಾಯ್ತು ಕಣಮ್ಮ. ನಾನೇ ಕೈ ಬಿಟ್ಬಿಟ್ಟೆ. ಅವರು ಹಿಡ್ಕೊಂಡೇ ಇದ್ರು."

ಆ ಮಾತಿಗೆ ಮರುಳಸಿದ್ದಪ್ಪನವರಿಗೆ ಎಚ್ಚರವಾಯಿತು. ಕೆಳಗೆ ಬಿದ್ದವಳನ್ನು ನೋಡಿ, ಮಂಗಳಾ ಮಂಗಳಾ ಎಂದು ಕೂಗುತ್ತ ಪಕ್ಕದಲ್ಲಿ ಕೂತರು.

ಆಪರೇಷನ್ ಆಯಿತು. ಆಸ್ಪತ್ರೆಯ ಮಂಚದಲ್ಲಿ ಮಲಗಿ ಸರ್ವಮಂಗಳಮ್ಮ ಮಗನ ಮುಖವನ್ನೇ ಓದುತ್ತಿದ್ದರು. ಅವನು ತಿಪಟೂರಿನ ಸುದ್ದಿ ಎತ್ತಲಿಲ್ಲ. ಅಪ್ಪನನ್ನು ಕೇಳಿದೆ, ನೀನೇ ಕೈ ಬಿಟ್ಟೆಯಂತೆ, ಇನ್ನಾದರೂ ಗಟ್ಟಿಯಾಗಿ ಹಿಡಿದುಕೋ ಎಂದು ಗದರಿದ ಅಷ್ಟೇ. ಗೆದ್ದೆ ಎಂದುಕೊಂಡು ಆಕೆ ಆ ರಾತ್ರಿ ಕಣ್ತುಂಬ ನಿದ್ದೆ ಮಾಡಿದರು.

ಮನೆಗೆ ಬಂದ ಮೇಲೆ ನಡುಮನೆಯಲ್ಲಿ ಮಂಚ ಹಾಕಿದರು. ದಿನವೂ ಸ್ವಲ್ಪ ನಡೆಯಲೇಬೇಕು, ಇಲ್ಲದಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆಸ್ಪತ್ರೆಯಲ್ಲಿ ಇಬ್ಬರು ನರ್ಸುಗಳು ಹಿಡಿದರೂ ಆಕೆ ಹೆಜ್ಜೆ ಎತ್ತಿರಲಿಲ್ಲ. ಮನೆಗೆ ಹೋದರೆ ಯಜಮಾನರು ನಡೆಸುತ್ತಾರೆ ಎಂದೇ ಹಟ ಹಿಡಿದಿದ್ದರು. ಮಧ್ಯಾಹ್ನ ಕಮಲಾ ಹಿತ್ತಲಿಗೆ ಹೋದಾಗ, ಕಾಲು ಇಳಿಬಿಟ್ಟು ಕೂತು, ಗಂಡನನ್ನು ಕರೆದು ಕೈ ಚಾಚಿದರು. "ಬನ್ನಿ, ಬಾಗಿಲವರೆಗೆ ಹೋಗಿ ಬರೋಣ."

ಮರುಳಸಿದ್ದಪ್ಪನವರು ಹತ್ತಿರ ಬರಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಬೇಡ ಮಂಗಳಾ. ನೀನು ಕೈ ಬಿಟ್ಬಿಡ್ತೀಯ."

ಬೆಳಿಗ್ಗೆಯಷ್ಟೇ ಇದು ಯಾರ ಮನೆ ಎಂದು ಕೇಳಿದ್ದ ಮನುಷ್ಯ. ಸೊಸೆಯನ್ನು ಸತ್ತುಹೋದ ತಂಗಿಯ ಹೆಸರಿನಿಂದ ಕೂಗಿದ್ದರು, ಪುಣ್ಯಕ್ಕೆ ಅವಳಿಗೆ ಕೇಳಿಸಿರಲಿಲ್ಲ. ಎಲ್ಲ ಸೋರಿಹೋಗುತ್ತಿದ್ದ ಆ ತಲೆಯಲ್ಲಿ ಇದೊಂದು ಮಾತ್ರ ಗಟ್ಟಿಯಾಗಿ ಕೂತಿತ್ತು, ಅದೂ ಹೆಂಡತಿ ಹೇಳಿದ ಸುಳ್ಳು. ನಾನಲ್ಲ, ನೀವು, ಎನ್ನುವ ಮಾತು ಸರ್ವಮಂಗಳಮ್ಮನವರ ಗಂಟಲವರೆಗೂ ಬಂತು. ಗಂಡನ ಮುಖ ನೋಡಿದರು. ತನ್ನ ಭಯವೇ ಅಲ್ಲಿ ಹೋಗಿ ಕೂತಿದೆ ಅನ್ನಿಸಿತು. ನಿಜ ಹೇಳಿದರೆ ಅವರು ನಂಬದೆ ಇರಬಹುದು. ನಂಬಿದರೆ, ಮರೆಯದೆ ಉಳಿಯುವುದು ಅದೇ ಆಗಿಬಿಟ್ಟರೆ, ಅವರನ್ನು ಸಮಾಧಾನ ಮಾಡುವುದು ಯಾರಿಂದಲೂ ಆಗದ ಮಾತು.

"ಅವತ್ತು ತಪ್ಪಾಯ್ತು ಕಣ್ರೀ," ಎಂದರು. "ಇನ್ನು ಬಿಡಲ್ಲ."

"ನೀನು ಬಿದ್ದಿದ್ದನ್ನ ಕಣ್ಣಾರೆ ನೋಡಿದೀನಿ. ಇನ್ನೊಂದ್ಸಲ ನೋಡೋಕೆ ನನ್ನ ಕೈಲಾಗಲ್ಲ."

ಹಾಗೆಂದು ಅವರು ಕಿಟಕಿಯ ಬಳಿಯ ಕುರ್ಚಿಗೆ ಹೋಗಿ ಬೆನ್ನು ತಿರುಗಿಸಿ ಕೂತರು. ಆಕೆ ಬೇಡಿದ್ದೇನೋ ಸಿಕ್ಕಿತ್ತು, ಇಬ್ಬರೂ ಒಂದೇ ಮನೆಯಲ್ಲಿದ್ದರು. ಸರ್ವಮಂಗಳಮ್ಮ ಇಳಿಬಿಟ್ಟ ಕಾಲುಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಮಂಚದ ಮೇಲಿಟ್ಟುಕೊಂಡರು, ಗೋಡೆಗೆ ಮುಖ ಮಾಡಿ ಅತ್ತರು. ಹಿತ್ತಲಿಂದ ಬಂದ ಕಮಲಾ, ತುಂಬಾ ನೋಯುತ್ತಿದೆಯಾ ಅತ್ತೆ ಎಂದು ಕೇಳಿದಳು. ಹೌದಮ್ಮ, ಸೊಂಟ ನೋಯುತ್ತಿದೆ ಎಂದರು.