ಸೂತಕ ಬ್ಯಾಂಡಿನ ಬಕ್ಕೇಶ

ಬಕ್ಕೇಶನ ತಲೆ ಮತ್ತೆ ಎಡಕ್ಕೆ ವಾಲಿತು. ಅಣ್ಣ ಉಜ್ಜನಪ್ಪ ಗದ್ದ ಹಿಡಿದು ನೆಟ್ಟಗೆ ಮಾಡಿ, ಹಣೆಗೆ ಸುತ್ತಿದ್ದ ಬಿಳಿ ಬಟ್ಟೆಯ ತುದಿಯನ್ನು ಕಿಟಕಿಯ ಸರಳಿಗೆ ಬಿಗಿದು ಕಟ್ಟಿದ. ಗೋಡೆಗೆ ಒರಗಿಸಿ ಕೂರಿಸಿದ ದೇಹ ಈಗ ಅಲುಗದೆ ಕೂತಿತು. ಪಕ್ಕದಲ್ಲಿ ವಾಣಿ ವಿಭೂತಿಯ ಬಟ್ಟಲು ಹಿಡಿದು ನಿಂತಿದ್ದಳು. ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆದು, ಬೆಳಗಿನಿಂದ ಬಂದವರನ್ನೆಲ್ಲ ತಬ್ಬಿಕೊಂಡು ಅತ್ತು ಸಾಕಾಗಿತ್ತು. ಗಂಡ ಸತ್ತ ದುಃಖಕ್ಕಿಂತ ಕಾಲುನೋವೇ ಹೆಚ್ಚು ಗೊತ್ತಾಗುತ್ತಿತ್ತು ಅವಳಿಗೆ.

"ವಾಣಿ, ಹೊರಗೆ ಯಾರೋ ಬಂದಾರೆ ನೋಡಮ್ಮ. ಎಲ್ಲಾ ಕರೇ ಅಂಗಿ ಹಾಕ್ಯಾರೆ," ಅಂದ ಉಜ್ಜನಪ್ಪ.

ವಾಣಿ ಕಿಟಕಿಯಿಂದ ನೋಡಿದಳು. ದಾವಣಗೆರೆಯ ನಿಟ್ಟುವಳ್ಳಿಯ ಆ ಇಕ್ಕಟ್ಟು ರಸ್ತೆಗೆ ಅಡ್ಡಲಾಗಿ ಹಾಕಿದ ಶಾಮಿಯಾನದ ಆಚೆ ಒಂದಷ್ಟು ಜನ ಗುಂಪಾಗಿ ನಿಂತಿದ್ದರು. ಕೆಲವರಿಗೆ ತಲೆ ಪೂರಾ ನರೆತಿತ್ತು, ಕೆಲವರಿಗೆ ಇನ್ನೂ ಮದುವೆಯ ವಯಸ್ಸು. ಒಬ್ಬನ ಟೀ ಶರ್ಟಿನ ಎದೆಯ ಮೇಲೆ ದಪ್ಪ ಅಕ್ಷರದಲ್ಲಿ "ಸೂತಕ" ಎಂದಿತ್ತು. ಎದುರು ಮನೆಯ ಹೆಂಗಸರು ಅದನ್ನೇ ಓದಿ ಓದಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

"ಇವರ ಹಾಡು ಕೇಳೋರು, ಭಾವಾರೆ."

"ಆ ಬ್ಯಾಂಡಿನ ಹುಚ್ಚು ಇನ್ನೂ ಮುಗಿದಿಲ್ಲೇನು?" ಉಜ್ಜನಪ್ಪ ದನಿ ತಗ್ಗಿಸಿದ. "ಮಣ್ಣಿಗೆ ಬರೋರು ಎದೆ ಮ್ಯಾಲೆ ಸೂತಕ ಅಂತ ಬರ್ಕೊಂಡು ಬರ್ತಾರಾ? ನಮ್ಮ ಲಿಂಗವಂತರಲ್ಲಿ ಸೂತಕಾನೇ ಇಲ್ಲ. ಅಯ್ನೋರು ನೋಡಿದ್ರೆ ಏನಂತಾರೆ?"

"ಚಾ ಕೊಡ್ಸಿ ಕೂಡ್ಸಿರಿ. ಇವರೂ ಹಂಗೇ ಮಾಡ್ತಿದ್ರು."

ಹೌದು, ಹಾಗೇ ಮಾಡುತ್ತಿದ್ದ. ಬಕ್ಕೇಶನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸದಲ್ಲೇ ಅವನ ವಯಸ್ಸು ಸವೆದಿತ್ತು. ವರ್ಷಕ್ಕೆ ನಾಲ್ಕಾರು ಸಲ ಇಂಥ ಕರಿ ಅಂಗಿಯವರು ಹುಬ್ಬಳ್ಳಿಯಿಂದಲೋ ಶಿವಮೊಗ್ಗದಿಂದಲೋ ಹುಡುಕಿಕೊಂಡು ಬರುತ್ತಿದ್ದರು. ಅವರಿಗೆ ಚಾ ತರಿಸಿ, ಪಕ್ಕ ನಿಂತು ಫೋಟೊ ತೆಗೆಸಿಕೊಂಡು, "ಕರೆಂಟ್ ಹೋಗೋದ್ರೊಳಗೆ ಇದನ್ನ ಮುಗಿಸ್ಬೇಕ್ರಿ" ಎಂದು ಮತ್ತೆ ತಂತಿಗೆ ಕೈ ಹಾಕುತ್ತಿದ್ದ. ಮತ್ತೆ ಯಾವಾಗ ಹಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಕಿವಿ ಕೇಳದವನ ಹಾಗೆ ಇರುತ್ತಿದ್ದ.

*

ಆ ಬ್ಯಾಂಡಿನ ಕತೆಯನ್ನು ವಾಣಿಗೆ ಹೇಳಿದವನು ಗಂಡನಲ್ಲ, ಮುದಸ್ಸಿರ್. ಆಗ ಬ್ಯಾಂಡಿನಲ್ಲಿ ಬೇಸ್ ಗಿಟಾರು ಹಿಡಿದವನು, ಈಗ ಗಾದಿ ಅಂಗಡಿಯ ಯಜಮಾನ.

ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ಮುದಸ್ಸಿರನ ಅಣ್ಣ ಮುಂಬಯಿಯಿಂದ ಒಂದು ಚೀಲ ಕ್ಯಾಸೆಟ್ ತಂದಿದ್ದನಂತೆ. ಪೋಸ್ಟ್-ಪಂಕ್, ಗಾಥಿಕ್ ರಾಕ್ ಎಂಬ ಹೆಸರುಗಳೆಲ್ಲ ಆಮೇಲೆ ತಿಳಿದದ್ದು. ಮೋಡ ಮುಚ್ಚಿದ ಯಾವುದೋ ಊರಿನ ಹುಡುಗರು ಬಾವಿಯೊಳಗೆ ನಿಂತು ಕೂಗಿದ ಹಾಗೆ ಹಾಡುತ್ತಿದ್ದರು. ಗಿಟಾರು ತಗಡು ಉಜ್ಜಿದಂತೆ, ಡ್ರಮ್ಮು ಮಗ್ಗ ಬಡಿದಂತೆ. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ ಅದು. ಕೆಲಸ ಹೋದ ಅಪ್ಪಂದಿರು ಹಗಲು ಹೊತ್ತಿನಲ್ಲೇ ಜಗಲಿಯ ಮೇಲೆ ಮಲಗಿರುತ್ತಿದ್ದರು. "ಲೇ, ಇದು ನಮ್ಮೂರಿನ ಹಾಡೇ ಕಣೋ" ಅಂದನಂತೆ ಬಕ್ಕೇಶ.

ಬಕ್ಕೇಶ ಹಾಡು ಕಟ್ಟಿದ, ಅಚ್ಚ ಕನ್ನಡದಲ್ಲಿ. ಹರಿಹರದ ಫ್ಯಾಕ್ಟರಿ ಕಾಲೊನಿಯ ಅಶ್ವಥ್ ಡ್ರಮ್ಮಿಗೆ ಕೂತ. ಸೂತಕ ಎಂದು ಹೆಸರಿಟ್ಟವನೂ ಬಕ್ಕೇಶನೇ. ಕಾಲೊನಿಯ ಗಣಪತಿ ಉತ್ಸವಕ್ಕೆ ಕರೆ ಬಂದಾಗ ಸಮಿತಿಯ ಹಿರಿಯರು ತಲೆ ಮೇಲೆ ಕೈ ಹೊತ್ತರು. "ಗಣಪತಿ ಮುಂದೆ ಸೂತಕ ಅಂತ ಬರೆಸ್ಲೇನಪ್ಪಾ? ಮನ್ಯಾಗೆ ನಂಗೆ ಊಟ ಹಾಕ್ತಾರಾ?" ಕೊನೆಗೆ ಬ್ಯಾನರಿನಲ್ಲಿ "ಸುಮುಖ ವಾದ್ಯವೃಂದ" ಎಂದು ಬರೆಸಿದರು. ಎರಡನೆಯ ಹಾಡಿಗೆ ಅರ್ಧ ಜನ ಎದ್ದುಹೋದರು. ಏಳದೆ ಕೂತವರು ಮುಂದಿನ ಕಾರ್ಯಕ್ರಮಕ್ಕೆ ಸೈಕಲ್ ತುಳಿದುಕೊಂಡು ಬಂದರು, ಅದರ ಮುಂದಿನದಕ್ಕೂ ಬಂದರು. ಮುದಸ್ಸಿರನ ಅಪ್ಪನ ಹತ್ತಿ ಗೋದಾಮಿನಲ್ಲಿ, ಅರಳೆ ಮೂಟೆಗಳ ನಡುವೆ, ಒಂದೇ ಒಂದು ಕ್ಯಾಸೆಟ್ ರೆಕಾರ್ಡ್ ಆಯಿತು. ಮರುವರ್ಷದ ಮಳೆಗಾಲಕ್ಕೆ ಅಶ್ವಥ್ ಸತ್ತ. ಬ್ಯಾಂಡೂ ಮುಗಿಯಿತು.

*

ಮಧ್ಯಾಹ್ನ ಟ್ರ್ಯಾಕ್ಟರಿಗೆ ಬಾಳೆಕಂಬ ಕಟ್ಟುತ್ತಿದ್ದಾಗ, ಎದೆಯ ಮೇಲೆ ಸೂತಕ ಎಂದಿದ್ದ ಆ ಹುಡುಗ ಒಳಗೆ ಬಂದ. ಹೆಸರು ಬಸವಪ್ರಭು. ಹಳೆಯ ಕ್ಯಾಸೆಟ್ಟಿನ ಹಾಡುಗಳನ್ನು ಕಂಪ್ಯೂಟರಿನಲ್ಲಿ ಚೊಕ್ಕ ಮಾಡಿ ಇಂಟರ್‌ನೆಟ್ಟಿಗೆ ಹಾಕಿದವನು ಅವನೇ. ಜಗತ್ತಿನ ಎಲ್ಲೆಲ್ಲಿಂದಲೋ ಜನ ಕೇಳುತ್ತಾರೆ ಎಂದು ಒಮ್ಮೆ ಬಕ್ಕೇಶನಿಗೆ ತೋರಿಸಿದ್ದ. ಬಕ್ಕೇಶ ನೋಡಿ, ಒಳ್ಳೇದಪ್ಪ ಅಂದಿದ್ದ, ಅಷ್ಟೇ.

"ಆಂಟಿ, ಮೆರವಣಿಗೇಲಿ ಒಂದೇ ಒಂದು ಹಾಡು ಹಾಕ್ತೀವ್ರಿ. ಸ್ಪೀಕರ್ ನಾವೇ ತಂದೀವಿ."

"ಭಜನಿ ಮೇಳ ಬಂದೈತೆ. ಅದರ ಮುಂದೆ ಇದೇನ್ರಿ?" ಅಂದ ಉಜ್ಜನಪ್ಪ.

"ಹಂಗಲ್ರಿ ಸಾರ್. ಡ್ರಮ್ಮರು ಅಮಾಸೆ ದಿನ ಹೊಳೆಗೆ ನಡ್ಕೊಂಡು ಹೋಗಿ ಪ್ರಾಣ ಬಿಟ್ಟ ಮ್ಯಾಲೆ ಬಕ್ಕೇಶ್ ಸಾರ್ ಮೌನ ಹಿಡಿದ್ರು. ಇವತ್ತೊಂದಿನ ಆದ್ರೂ ಆ ಮೌನ..."

"ಹೊಳೆಗೆ ಹೋದ ಅಂತ ಯಾರು ಹೇಳಿದ್ರು?" ವಾಣಿ ಕೇಳಿದಳು.

"ಎಲ್ಲಾ ಕಡೆ ಹಂಗೇ ಬರ್ದಾರ್ರಿ."

"ಅಶ್ವಥ್ ಸತ್ತಿದ್ದು ಕಾಮಾಲೆಯಾಗಿ. ಊರೂರಿಗೆ ಹೋಗಿ ಬೇರು ಅರೆದು ಕುಡಿಸಿದ್ರು. ಉಳೀಲಿಲ್ಲ. ಅಷ್ಟೇ ಅದು."

ಹುಡುಗನ ಮುಖ ಸಪ್ಪಗಾಯಿತು. ಅವನಿಂದ ಏನನ್ನೋ ಕಿತ್ತುಕೊಂಡೆ ಅನ್ನಿಸಿ ವಾಣಿಗೆ ಒಂದು ಗಳಿಗೆ ಅಯ್ಯೋ ಪಾಪ ಎನಿಸಿತು. ಆದರೂ ಹೇಳಿದಳು. "ಹಾಡು ಬ್ಯಾಡಪ್ಪ. ಇದ್ದಾಗ ಬ್ಯಾಡ ಅಂದಿದ್ರು. ಈಗ ಬಾಯಿಲ್ಲ ಅಂತ ಹಾಕ್ಬಾರ್ದು."

"ಆತ್ರಿ ಆಂಟಿ," ಎಂದು ಅವನು ಹಿಂದಕ್ಕೆ ಸರಿದ.

*

ಮದುವೆಯಾದ ಹೊಸತರಲ್ಲಿ ಬಕ್ಕೇಶ ಅವಳನ್ನು ಒಂದು ಭಾನುವಾರ ಹರಿಹರಕ್ಕೆ ಕರೆದುಕೊಂಡು ಹೋಗಿದ್ದ. ಹೊಳೆ ತೋರಿಸುತ್ತಾನೆ, ದೇವಸ್ಥಾನಕ್ಕೆ ಹೋಗುತ್ತೇವೆ ಅಂದುಕೊಂಡಿದ್ದಳು. ಹೋದದ್ದು ಸ್ಟೇಷನ್ನಿನ ಹಿಂದಿನ ಒಂದು ಹೆಂಚಿನ ಮನೆಗೆ. ಅಶ್ವಥನ ತಾಯಿ ನಾಗಕ್ಕ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಬರ್ರಿ ಅನ್ನಲಿಲ್ಲ, ಹೋಗ್ರಿ ಅಂತಲೂ ಅನ್ನಲಿಲ್ಲ. ಬಕ್ಕೇಶ ಒಳಗೆ ಹೋಗಿ ಟೇಬಲ್ ಫ್ಯಾನ್ ಬಿಚ್ಚಿ, ಧೂಳು ಕೊಡವಿ, ಎಣ್ಣೆ ಬಿಟ್ಟು, ಮತ್ತೆ ಜೋಡಿಸಿ ತಿರುಗಿಸಿ ನೋಡಿದ. ನಾಗಕ್ಕ ಒಂದು ತಂಬಿಗೆ ನೀರನ್ನು ಹೊಸ್ತಿಲ ಮೇಲೆ ಇಟ್ಟಳು, ಕೈಗೆ ಕೊಡಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಬಕ್ಕೇಶ ಹೇಳಿದ್ದ. "ಮಗ ಸತ್ತ ದಿನ ನನ್ನ ಕೊಳ್ಳಪಟ್ಟಿ ಹಿಡ್ಕೊಂಡ್ಲು. ಸೂತಕ ಸೂತಕ ಅಂತ ಕರೆದು ಕರೆದು ನನ್ನ ಮನೀಗೆ ತಂದ್ಯಲ್ಲೋ ಅಂದ್ಲು. ಅವನತ್ರ ಇದ್ದ ಕ್ಯಾಸೆಟ್ ಒಲೆಗೆ ಹಾಕಿದ್ಲು."

"ಮತ್ತೆ ಯಾಕ ಹೋಗ್ತೀರಿ?"

ಅವನು ಬೆರಳಿನ ಎಣ್ಣೆ ಒರೆಸಿಕೊಂಡ. "ಹೋದಾಗೆಲ್ಲ ಆ ಮನ್ಯಾಗೆ ಏನಾದ್ರೂ ಒಂದು ಕೆಟ್ಟಿರ್ತೈತೆ."

ತಿಂಗಳಿಗೊಮ್ಮೆ ಹೋಗುವುದನ್ನು ಅವನು ತಪ್ಪಿಸಲಿಲ್ಲ. ಫ್ಯಾನಿನ ನಂತರ ಮಿಕ್ಸಿ ಬಂತು, ನೀರೆತ್ತುವ ಮೋಟಾರು ಬಂತು. ನಾಗಕ್ಕನ ಗಂಡ ಸಣ್ಣತಿಮ್ಮಪ್ಪ ತೀರಿಕೊಂಡಾಗ ಚಟ್ಟಕ್ಕೆ ಹೆಗಲು ಕೊಟ್ಟು ಬಂದ. ಯಾವಾಗಲೋ ತಂಬಿಗೆಯ ನೀರು ಹೋಗಿ ಚಾ ಬಂದಿತ್ತು. ಮಾತು ಮಾತ್ರ ಅಷ್ಟಕ್ಕಷ್ಟೇ. ಇತ್ತ ವಾಣಿಯ ಮನೆಯಲ್ಲಿ ಹಾಡಿನ ಸುದ್ದಿಯೇ ಇರಲಿಲ್ಲ. ಮಗಳು ನಯನಾ ಹುಟ್ಟಿದಾಗ, ಒಂದು ಜೋಗುಳ ಆದರೂ ಹೇಳ್ರಿ ಎಂದು ಕೇಳಿದ್ದಳು. ಬಕ್ಕೇಶ ತೊಟ್ಟಿಲು ತೂಗಿದ, ಬಾಯಿ ಬಿಡಲಿಲ್ಲ. ಊರಿಗೆಲ್ಲ ಹಾಡುಗಾರನಾಗಿದ್ದವನು ತನಗೆ ಮಾತ್ರ ಮೋಟಾರ್ ರಿಪೇರಿಯವನಾಗಿ ಸಿಕ್ಕ ಎಂದು ಅವಳಿಗೆ ಬಹಳ ವರ್ಷ ಹೊಟ್ಟೆಯೊಳಗೆ ಸಿಟ್ಟಿತ್ತು. ಆಮೇಲೆ ಆ ಸಿಟ್ಟಿಗೂ ದಣಿವಾಯಿತು.

*

ರುದ್ರಭೂಮಿಯಲ್ಲಿ ಗುಂಡಿ ಇನ್ನೂ ಸಿದ್ಧವಾಗಿರಲಿಲ್ಲ. ಕೆಳಗೆ ಕಲ್ಲು ಸಿಕ್ಕಿತ್ತು, ಹಾರೆಯ ಸದ್ದು ಕೇಳುತ್ತಿತ್ತು. ಹೂವಿನ ಕುರ್ಚಿಯಲ್ಲಿ ಕೂತ ಬಕ್ಕೇಶನನ್ನು ಹೊಂಗೆಮರದ ನೆರಳಿಗೆ ಇಳಿಸಿದ್ದರು. ಭಜನೆಯವರು ದಣಿದು ನೀರು ಕುಡಿಯುತ್ತಿದ್ದರು. ಆಗ ಒಂದು ಆಟೋ ಬಂದು ನಿಂತಿತು. ಮುದಸ್ಸಿರ್ ಓಡಿಹೋಗಿ ಕೈ ಹಿಡಿದು ಇಳಿಸಿದ. ನಾಗಕ್ಕ. ಎಂಬತ್ತು ದಾಟಿದ ಜೀವ, ಬೆನ್ನು ಪೂರಾ ಬಾಗಿತ್ತು.

ವಾಣಿ ಕುರ್ಚಿಯ ಪಕ್ಕಕ್ಕೆ ಸರಿದು ನಿಂತಳು. ಸತ್ತ ಮೇಲೂ ಏನಾದರೂ ಅಂದುಬಿಟ್ಟರೆ?

ನಾಗಕ್ಕ ಕುರ್ಚಿಯ ಮುಂದೆ ನಿಂತು ಬಕ್ಕೇಶನ ಮೊಣಕಾಲಿನ ಮೇಲೆ ಕೈ ಇಟ್ಟಳು. "ನಾ ಯಾವತ್ತೂ ನಿನ್ನ ಕರೀಲಿಲ್ಲ, ನೀನೇ ಬರ್ತಿದ್ದೆ," ಅಂದಳು. "ಇವತ್ತು ನಾನೇ ಬಂದೀನಿ ನೋಡು."

ಮರದ ಬುಡದಲ್ಲಿ ಕೂತು ಸುಧಾರಿಸಿಕೊಂಡ ಮೇಲೆ ಅವಳ ಕಣ್ಣು ಕರಿ ಅಂಗಿಯವರ ಕಡೆ ಹೋಯಿತು. "ಇವರ್ಯಾರೇ ವಾಣವ್ವ?"

ಸುಳ್ಳು ಹೇಳಲು ವಾಣಿಯಲ್ಲಿ ಶಕ್ತಿ ಉಳಿದಿರಲಿಲ್ಲ. "ಆ ಬ್ಯಾಂಡಿನ ಹಾಡು ಕೇಳೋರವ್ವ."

"ಈಗ್ಲೂ ಕೇಳ್ತಾರಾ?" ನಾಗಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು, "ಅದರಾಗೆ ನಮ್ಮ ಹುಡುಗಂದು ಐತಾ?"

"ಐತವ್ವ."

"ಕೇಳ್ಸು ಅನ್ನು."

ಬೇಡ ಎಂದಿದ್ದ ವಾಣಿಯೇ ಬಸವಪ್ರಭುವನ್ನು ಕೈ ಸನ್ನೆ ಮಾಡಿ ಕರೆದಳು. ಅವನು ಮಂಡಿಯೂರಿ ಕೂತು ಮುದುಕಿಯ ಕಿವಿಗೆ ಫೋನು ಹಿಡಿದ. ನಾಗಕ್ಕ ಹುಬ್ಬು ಗಂಟಿಕ್ಕಿ ಕೇಳಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಇದರಾಗೆ ಅವನೆಲ್ಲಿ?"

"ಆ ಡಬಡಬ ಅಂತೈತಲ್ಲ ಅಜ್ಜಿ, ಅದೇ ಅಶ್ವಥ್ ಸಾರ್ ಬಾರ್ಸಿದ್ದು."

"ಅದು ಯಾರು ಬಡಿದ್ರೂ ಹಂಗೇ ಅಲ್ಲೇನಪ್ಪ." ಅವಳು ಫೋನು ಸರಿಸಿದಳು.

ಮುದಸ್ಸಿರ್ ಬಗ್ಗಿದ. "ಶುರುವಿನಾಗೆ ಅಶ್ವಥ್ ಎಣಿಸ್ತಿದ್ದ. ಅದೆಲ್ಲಿ ಹೋತು?"

ಬಸವಪ್ರಭು ನೆಲ ನೋಡಿದ. "ಕತ್ತರಿಸಿದ್ದೆ ಅಣ್ಣ. ಕೆಮ್ಮು, ಕುರ್ಚಿ ಎಳೆಯೋ ಸದ್ದು ಎಲ್ಲಾ ಇತ್ತು. ಚೊಕ್ಕ ಇರ್ಲಿ ಅಂತ... ಮೂಲದ್ದು ಐತೆ, ತಡೀರಿ." ಫೋನಿನಲ್ಲಿ ಬಹಳ ಹೊತ್ತು ಹುಡುಕಿ, ಈ ಸಲ ಎಲ್ಲರಿಗೂ ಕೇಳುವ ಹಾಗೆ ಹಾಕಿದ.

ಮೊದಲು ಬರೀ ಗೊರಗೊರ. ಯಾರೋ ಕೆಮ್ಮಿದರು. ಆಮೇಲೆ ಒಬ್ಬ ಹುಡುಗನ ದನಿ, ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ: "ಬಕ್ಕೇಶಾ, ಮೊದ್ಲು ನೀರ್ ಕುಡಿಯೋ. ಆತಾ? ಹೂಂ. ಒಂದು, ಎರಡು, ಮೂರು, ನಾಕು." ಅದರ ಬೆನ್ನಿಗೇ ಇನ್ನೊಬ್ಬ ಗಟ್ಟಿಯಾಗಿ ನಕ್ಕ, ಮೈಮೇಲೆ ಯಾವ ಭಾರವೂ ಇಲ್ಲದವನ ಹಾಗೆ. ಅದು ತನ್ನ ಗಂಡ ಎಂದು ವಾಣಿ ಯೋಚಿಸಿ ತಿಳಿಯಬೇಕಾಯಿತು. ಆ ನಗು ಅವಳಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಗಿಟಾರು ಶುರುವಾಯಿತು.

"ಹಾಡು ಬ್ಯಾಡ," ನಾಗಕ್ಕನ ಕೈ ಹುಡುಗನ ತೋಳು ಹಿಡಿದಿತ್ತು. "ಮೊದಲಿಂದು ಹಾಕು."

ಮತ್ತೆ ಹಾಕಿದ. ಮತ್ತೊಮ್ಮೆ ಹಾಕಿದ. ಆಮೇಲೆ ಅವಳ ಹೆಬ್ಬೆರಳನ್ನು ತಾನೇ ಹಿಡಿದು, ಫೋನಿನ ಗಾಜಿನ ಮೇಲಿನ ಚುಕ್ಕೆಯನ್ನು ಶುರುವಿಗೆ ಹೇಗೆ ಹಿಂದಕ್ಕೆ ಎಳೆಯಬೇಕೆಂದು ತೋರಿಸಿಕೊಟ್ಟ.

ಗುಂಡಿ ಆಯಿತೆಂದು ಅಯ್ನೋರು ಕರೆದರು. ನಾಲ್ಕು ಜನ ಬಕ್ಕೇಶನನ್ನು ಎತ್ತಿ ಇಳಿಸಿ ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ವಿಭೂತಿ, ಪತ್ರೆ ಬಿತ್ತು. ಉಜ್ಜನಪ್ಪ ವಾಣಿಯ ಬೊಗಸೆಗೆ ಮಣ್ಣು ಸುರಿದ. ಆ ನಗುವನ್ನು ಇನ್ನೊಮ್ಮೆ ಕೇಳಬೇಕು ಅನ್ನಿಸಿತು ಅವಳಿಗೆ, ಮಣ್ಣು ಹಾಕುವ ಮೊದಲು. ಫೋನು ನಾಗಕ್ಕನ ಕೈಯಲ್ಲಿತ್ತು. ಹಾಕಿದಳು. ನಯನಾ ಹಾಕಿದಳು, ಉಜ್ಜನಪ್ಪ ಹಾಕಿದ, ಮುದಸ್ಸಿರ್ ಚಪ್ಪಲಿ ಬಿಟ್ಟು ಬಂದು ಹಾಕಿದ.

ಕೈ ಕೊಡವಿಕೊಂಡು ವಾಣಿ ತಿರುಗಿ ನೋಡಿದಳು. ಹೊಂಗೆಮರದ ಕೆಳಗೆ ಕರಿ ಅಂಗಿಯವರು ನಾಗಕ್ಕನ ಸುತ್ತ ಕುಕ್ಕರಗಾಲಲ್ಲಿ ಕೂತಿದ್ದರು. ಮುದುಕಿಯ ಕಣ್ಣು ಮುಚ್ಚಿತ್ತು, ಫೋನು ಕಿವಿಗೆ ಒತ್ತಿತ್ತು. ತುಟಿ ನಾಕು ಎಂದು ಅಲುಗುತ್ತಿದ್ದಂತೆ ಫೋನನ್ನು ಕಣ್ಣೆದುರು ಹಿಡಿದು, ಗಿಟಾರು ಬಾಯಿ ತೆರೆಯುವುದರೊಳಗೆ ಹೆಬ್ಬೆರಳಿನಿಂದ ಆ ಚುಕ್ಕೆಯನ್ನು ಹಿಂದಕ್ಕೆ ಎಳೆದು, ಮತ್ತೆ ಕಿವಿಗಿಟ್ಟುಕೊಳ್ಳುತ್ತಿದ್ದಳು.