ನರ್ಸಮ್ಮನ ಗಾಡಿಗೆ ಕಾವಲು ಕಂಬಿ

ಔಷಧಿ ಸೀಸೆಗಳ ಚೂರು ತುಂಬಿದ್ದ ಚರ್ಮದ ಚೀಲವನ್ನು ಆದಿಲಕ್ಷ್ಮಿ ಅಸ್ಗರನ ಮುಂದೆ ಕೊಡವಿದಳು. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅವನದು ಮೋಟಾರ್ ಸೈಕಲ್ ರಿಪೇರಿ ಅಂಗಡಿ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಸೇನೆಯವರು ಹರಾಜಿಗಿಟ್ಟ ಭಾರೀ ಮೋಟಾರ್ ಸೈಕಲ್ಲೊಂದನ್ನು ಹಲಸೂರಿನ ಈ ಹೆರಿಗೆ ನರ್ಸಿಗೆ ಕೊಡಿಸಿ, ಓಡಿಸಲು ಕಲಿಸಿದವನೂ ಅವನೇ.

"ಬಿದ್ರಾ ಅಮ್ಮಾ?"

"ಬೀಳ್ಲಿಲ್ಲ. ಬೀಳ್ಸಿದ್ರು."

ಕಗ್ಗದಾಸಪುರದ ಹೊರಗಿನ ಕೇರಿಯಲ್ಲಿ ಮಂಜುಳಮ್ಮ ತುಂಬು ಬಸುರಿ. ಅವಳನ್ನು ನೋಡಲು ಆದಿಲಕ್ಷ್ಮಿ ಊರ ನಡುಬೀದಿಯಲ್ಲೇ ಹೋಗಿಬರುತ್ತಿದ್ದಳು. ಕೇರಿಯವರನ್ನು ಮುಟ್ಟಿ ಬಂದವಳು, ಅದೂ ಹೆಂಗಸು, ಗುಡುಗುಡು ಸದ್ದು ಮಾಡುತ್ತ ತನ್ನ ಜಗಲಿಯ ಮುಂದೆ ಹಾಯುವುದೇ ಎಂದು ಯಜಮಾನ ಚಿಕ್ಕವೆಂಕಟಪ್ಪ ಉರಿದುಬಿದ್ದಿದ್ದ. ಹಿಂದಿನ ದಿನ ಅವನ ಆಳುಗಳು ಎತ್ತಿನ ಗಾಡಿ ಅಡ್ಡ ನಿಲ್ಲಿಸಿ, ಅವಳು ಇಳಿದೊಡನೆ ಮೋಟಾರ್ ಸೈಕಲ್ಲನ್ನು ಉರುಳಿಸಿದ್ದರು. ಹಿಂಚಕ್ರದ ಪಕ್ಕ ತೂಗಿದ್ದ ಔಷಧಿ ಚೀಲ ಅಡಿಗೆ ಸಿಕ್ಕಿತ್ತು.

"ಕೇರಿಗೆ ಕೆರೆ ಕಡೆಯಿಂದ ದಾರಿ ಇದ್ಯಲ್ಲಮ್ಮಾ?"

"ದಾರಿ ಕೇಳೋಕೆ ಬಂದಿಲ್ಲ ಅಸ್ಗರ್. ಚೀಲಕ್ಕೆ ಕಾವಲು ಕಂಬಿ ಹಾಕ್ಸೋಕೆ ಬಂದೆ."

ಅಸ್ಗರ್ ಯಾವನೋ ದೊರೆಯ ಗಾಡಿಯಿಂದ ಬಿಚ್ಚಿಟ್ಟಿದ್ದ ಫಳಫಳ ಹೊಳೆಯುವ ಕಂಬಿಗಳ ಜೋಡಿಯನ್ನು ತಂದ. ಆದಿಲಕ್ಷ್ಮಿ ಒಂದನ್ನು ನೆಲಕ್ಕೂರಿ ಮೈಭಾರ ಬಿಟ್ಟಳು. ಅದು ಬಾಗಿತು. ಮೂಲೆಯ ಗುಜರಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ದಪ್ಪ ಪೈಪನ್ನು ಎಳೆದಳು.

"ಚೆಂದ ಕಾಣಲ್ಲಮ್ಮಾ."

"ಚೆಂದ ಬೇಡ. ಬಗ್ಗಬಾರದು."

ಅವನು ಪೈಪನ್ನು ಕಾಯಿಸಿ, ಬಗ್ಗಿಸಿ, ಹಿಂಚಕ್ರದ ಮಡ್‌ಗಾರ್ಡಿಗೆ ಬೋಲ್ಟ್ ಹಾಕಿದ. ಅವಳು ಅಲ್ಲಾಡಿಸಿ ನೋಡಿ, ತಗಡು ತಡೆಯದು, ಚಾಸಿಗೇ ಬಿಗಿ ಎಂದಳು. ಬಿಗಿದ ಮೇಲೆ ಗೋಣಿ ಹಾಸಿ ಗಾಡಿಯನ್ನು ಅಡ್ಡ ಮಲಗಿಸಿದರು. ಚೀಲ ನೆಲಕ್ಕೆ ತಾಗಿತು. ಬಿಚ್ಚಿ, ಕಂಬಿಯನ್ನು ಇನ್ನಷ್ಟು ಹೊರಕ್ಕೆ ಚಾಚಿಸಿದರು. ಈ ಸಲ ಚೀಲಕ್ಕೂ ನೆಲಕ್ಕೂ ನಡುವೆ ಅವಳ ಕೈ ಸಲೀಸಾಗಿ ಆಡಿತು. ಇನ್ನೊಂದು ಮಗ್ಗುಲಿಗೂ ಅದೇ ಅಳತೆ. ಅಸ್ಗರ್ ಬೆವರೊರೆಸಿಕೊಂಡು ನಕ್ಕ. "ಇನ್ನು ಟ್ಯಾಂಕೇ ಬರ್ಲಿ ಅಮ್ಮಾ!"

ಎರಡು ದಿನಕ್ಕೆ ಮಂಜುಳಮ್ಮನಿಗೆ ನೋವು ಶುರುವಾಯಿತೆಂದು ಬೆಳಿಗ್ಗೆಯೇ ಸುದ್ದಿ ಬಂತು. ಬೀದಿಗೆ ಮತ್ತೆ ಎತ್ತಿನ ಗಾಡಿ ಅಡ್ಡವಿತ್ತು. ಆದಿಲಕ್ಷ್ಮಿ ಇಳಿದು, ತಾನೇ ನೊಗ ಹಿಡಿದು ಅದನ್ನು ಪಕ್ಕಕ್ಕೆ ತಳ್ಳಿದಳು. ಬೆನ್ನ ಹಿಂದೆ ಧಡ್ ಎಂದಿತು. ತಿರುಗಿ ನೋಡಿದರೆ ಮೋಟಾರ್ ಸೈಕಲ್ ಕಂಬಿಯ ಮೇಲೆ ಅರ್ಧಕ್ಕೇ ವಾಲಿ ನಿಂತಿದೆ, ಚೀಲಕ್ಕೆ ಧೂಳೂ ತಾಗಿಲ್ಲ. ಉರುಳಿಸಲು ಬಂದಿದ್ದ ಆಳುಗಳಿಬ್ಬರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಆದಿಲಕ್ಷ್ಮಿ ಸೆರಗು ಸಿಕ್ಕಿಸಿ, ಹ್ಯಾಂಡಲ್ಲಿಗೆ ಸೊಂಟ ಕೊಟ್ಟು ಎತ್ತಿ, ಒಂದೇ ಒದೆತಕ್ಕೆ ಸ್ಟಾರ್ಟ್ ಮಾಡಿ ಹೊರಟಳು.

ಮಧ್ಯಾಹ್ನದ ಹೊತ್ತಿಗೆ ಹೆರಿಗೆಯಾಯಿತು. ಹಿಂದಿರುಗುವಾಗ ಆದಿಲಕ್ಷ್ಮಿ ಚಿಕ್ಕವೆಂಕಟಪ್ಪನ ಜಗಲಿಯೆದುರು ತಾನಾಗಿಯೇ ಗಾಡಿ ನಿಲ್ಲಿಸಿದಳು.

"ಹೆಣ್ಣು ಮಗು ಯಜಮಾನ್ರೇ. ನಾಡಿದ್ದು ನೋಡೋಕೆ ಬರ್ತೀನಿ, ಇದೇ ದಾರೀಲಿ."

"ಹೆಂಗ್ ಬರ್ತೀಯೋ ನಾನೂ ನೋಡ್ತೀನಿ!"

"ಇಲ್ಲೇ ಕೂತಿರಿ. ಚೆನ್ನಾಗಿ ಕಾಣುತ್ತೆ."

ಹೇಳಿದ ದಿನ ಬಂದಳು. ಬೀದಿಗೆ ಏನೂ ಅಡ್ಡವಿರಲಿಲ್ಲ. ಜಗಲಿ ಖಾಲಿ, ಬಾಗಿಲು ಮಾತ್ರ ಒಂದಿಷ್ಟು ತೆರೆದಿತ್ತು. ಆದಿಲಕ್ಷ್ಮಿ ಬೇಕೆಂದೇ ಅಲ್ಲಿ ವೇಗ ತಗ್ಗಿಸಿ, ನಿಧಾನವಾಗಿ, ಬಲು ನಿಧಾನವಾಗಿ ಹಾದುಹೋದಳು.